ನೆಲವಿಲ್ಲದ ಆಕಾಶ: ಮೋಡಗಳ ಅಮೂರ್ತ ಛಾಯಾಚಿತ್ರವನ್ನು ನೋಡುವುದು ಹೇಗೆ, ತೆಗೆಯುವುದು ಹೇಗೆ

ಮುಂಗಾರು ಶುರುವಾಯಿತೆಂದರೆ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಕಡೆಯವರ ಮೊಬೈಲುಗಳಲ್ಲಿ ಮೋಡದ ಚಿತ್ರಗಳು ತುಂಬಿಕೊಳ್ಳುತ್ತವೆ. ನಸುಕಿನಲ್ಲಿ ನಂದಿಬೆಟ್ಟಕ್ಕೆ ಹೋದವರು ಕಳಿಸಿದ್ದು, ದೇವರಾಯನದುರ್ಗದಿಂದ ಬಂದದ್ದು, ಬಸ್ಸಿನ ಕಿಟಕಿಯಿಂದ ಹಿಡಿದದ್ದು. ಬಹುಪಾಲು ಚಿತ್ರಗಳಲ್ಲಿ ಬಂಡೆಯ ಅಂಚೋ, ಕಂಬಿಯ ಸಾಲೋ, ಬೆನ್ನು ತೋರಿಸಿ ನಿಂತ ಗೆಳೆಯರೋ ಇರುತ್ತಾರೆ. ಎಲ್ಲಿ ತೆಗೆದದ್ದೆಂದು ನೋಡಿದ ಕೂಡಲೇ ತಿಳಿಯುತ್ತದೆ. ಇವುಗಳ ನಡುವೆ ಈಗ ಇನ್ನೊಂದು ಬಗೆಯ ಚಿತ್ರವೂ ಕಾಣಿಸಿಕೊಳ್ಳುತ್ತಿದೆ. ಅದರಲ್ಲಿ ಬೆಟ್ಟವಿಲ್ಲ, ಮರವಿಲ್ಲ, ಮನುಷ್ಯರಿಲ್ಲ, ದಿಗಂತದ ಗೆರೆಯೂ ಇಲ್ಲ. ಚೌಕಟ್ಟಿನ ತುಂಬ ಕಪ್ಪು, ಬೂದು, ಬಿಳುಪು. ನೋಡಿದವರು ಮೊದಲು ಕೇಳುವುದು, "ಇದು ಯಾವ ಜಾಗ?" ಆಮೇಲೆ ಕೇಳುವುದು, "ಇದರಲ್ಲಿ ಏನಿದೆ?"

ಎರಡೂ ನ್ಯಾಯವಾದ ಪ್ರಶ್ನೆಗಳು. ಇಂಥ ಚಿತ್ರಗಳಿಗೆ ನೂರು ವರ್ಷದ ಹಿನ್ನೆಲೆಯಿದೆ, ಅವುಗಳ ಹಿಂದೆ ಒಂದು ಖಚಿತವಾದ ವಿಚಾರವಿದೆ. ಅದು ತಿಳಿದರೆ ಎರಡನೆಯ ಪ್ರಶ್ನೆಗೆ ಉತ್ತರ ಸಿಗುತ್ತದೆ. ಮೊದಲನೆಯ ಪ್ರಶ್ನೆಯನ್ನು ಆ ಚಿತ್ರ ಬೇಕೆಂದೇ ಬಿಟ್ಟುಕೊಟ್ಟಿರುತ್ತದೆ. ಏಕೆ ಎಂಬುದರಿಂದಲೇ ಆರಂಭಿಸೋಣ.

ಅಮೂರ್ತ ಎಂದರೆ ಇಲ್ಲಿ ಏನು?

ಛಾಯಾಚಿತ್ರ ಸಾಮಾನ್ಯವಾಗಿ ಯಾವುದೋ ಒಂದರ ಚಿತ್ರವಾಗಿರುತ್ತದೆ: ಮಗುವಿನ ಚಿತ್ರ, ದೇವಸ್ಥಾನದ ಚಿತ್ರ, ಮದುವೆಯ ಚಿತ್ರ. ನಾವು ಅದರಲ್ಲಿ ವಸ್ತುವನ್ನು ಗುರುತಿಸುತ್ತೇವೆ, ಗುರುತಿಸಿದ ಮೇಲೆ ಅದರ ಬಗ್ಗೆ ಯೋಚಿಸುತ್ತೇವೆ. ಅಮೂರ್ತ ಛಾಯಾಚಿತ್ರ ಈ ಗುರುತಿಸುವ ಕೆಲಸವನ್ನು ಹಿಂದಕ್ಕೆ ಸರಿಸುತ್ತದೆ. ಆಕಾರ, ಗೆರೆ, ಬೆಳಕು, ನೆರಳು, ಮೈಯ ಒರಟು ಅಥವಾ ನುಣುಪು, ಇವು ಮುಂದಕ್ಕೆ ಬರುತ್ತವೆ. ವಸ್ತು ನಿಜವಾದದ್ದೇ, ಕ್ಯಾಮೆರಾ ಕಂಡದ್ದನ್ನೇ ಹಿಡಿದಿದೆ. ಆದರೆ ಚಿತ್ರ ಅದರ ಹೆಸರನ್ನು ನಂಬಿ ನಿಂತಿಲ್ಲ.

ಕರ್ನಾಟಕ ಸಂಗೀತ ಕೇಳುವವರಿಗೆ ಇದು ಹೊಸ ಸಂಗತಿಯಲ್ಲ. ರಾಗದ ಆಲಾಪನೆಯಲ್ಲಿ ಸಾಹಿತ್ಯವಿರುವುದಿಲ್ಲ. ಯಾವ ದೇವರನ್ನು ಕುರಿತದ್ದು, ಯಾವ ಕಥೆ ಎಂದು ಯಾರೂ ಕೇಳುವುದಿಲ್ಲ. ಆದರೂ ತೋಡಿ ಕೇಳಿದಾಗ ಆಗುವುದು ಒಂದು, ಮೋಹನ ಕೇಳಿದಾಗ ಆಗುವುದು ಇನ್ನೊಂದು. ಸ್ವರಗಳ ನಡುವಿನ ಅಂತರ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂಬುದೇ ಭಾವವನ್ನು ಹೊರುತ್ತದೆ. ಅಮೂರ್ತ ಮೋಡದ ಚಿತ್ರದಲ್ಲಿ ಆ ಕೆಲಸವನ್ನು ಮಾಡುವುದು ಕಪ್ಪು ಬಿಳುಪಿನ ನಡುವಿನ ಅಂತರ ಮತ್ತು ಗೆರೆಗಳ ಓಟ.

ಇಲ್ಲೊಂದು ಸಣ್ಣ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕು. ಮೋಡದಲ್ಲಿ ಆನೆ, ಕುದುರೆ, ಅಜ್ಜನ ಮುಖ ಕಾಣುವುದು ಎಲ್ಲರಿಗೂ ಆಗುವ ಅನುಭವ. ಗೊತ್ತುಗುರಿಯಿಲ್ಲದ ಆಕಾರದಲ್ಲಿ ಪರಿಚಿತ ರೂಪವನ್ನು ಕಂಡುಕೊಳ್ಳುವ ಮಿದುಳಿನ ಈ ಗುಣಕ್ಕೆ ಮನಃಶಾಸ್ತ್ರದಲ್ಲಿ ಪ್ಯಾರಿಡೋಲಿಯಾ ಎನ್ನುತ್ತಾರೆ. ಆನೆಯಂತೆ ಕಾಣುವ ಮೋಡವನ್ನು ಚಿತ್ರ ತೆಗೆದರೆ ಅದು ಸೊಗಸಾದ ಚಿತ್ರವೇ ಇರಬಹುದು. ಆದರೆ ನೋಡುವವರು ಆನೆಯನ್ನು ಕಂಡು, ನಕ್ಕು, ಮುಂದೆ ಹೋಗುತ್ತಾರೆ. ಅಮೂರ್ತ ಚಿತ್ರ ಬಯಸುವುದು ಅದರಾಚೆ ಇನ್ನಷ್ಟು ಹೊತ್ತು ನಿಲ್ಲುವ ನೋಟವನ್ನು.

ಬೇರೆ ಏನೂ ಅಲ್ಲದೆ ಮೋಡವೇ ಏಕೆ?

ಗೋಡೆಯ ಬಿರುಕು, ತುಕ್ಕು ಹಿಡಿದ ತಗಡು, ನೀರಿನ ಅಲೆ, ಇವುಗಳಿಂದಲೂ ಅಮೂರ್ತ ಚಿತ್ರ ತೆಗೆಯಬಹುದು, ತೆಗೆದವರೂ ಇದ್ದಾರೆ. ಮೋಡಕ್ಕೆ ಮಾತ್ರ ಕೆಲವು ಸ್ವಂತ ಗುಣಗಳಿವೆ.

ಮೊದಲನೆಯದು ಅಳತೆ ಸಿಗದಿರುವುದು. ಪಕ್ಕದಲ್ಲಿ ಮರವೋ ಮನೆಯೋ ಇಲ್ಲದಿದ್ದರೆ ಮೋಡ ಎಷ್ಟು ದೊಡ್ಡದು, ಎಷ್ಟು ದೂರದಲ್ಲಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಹೊಲದ ಮೇಲೆ ಹಗುರವಾಗಿ ತೇಲುವಂತೆ ಕಾಣುವ, ಉದ್ದ ಅಗಲ ಎತ್ತರ ಒಂದೊಂದು ಕಿಲೋಮೀಟರ್ ಇರುವ ಬಿಳಿಮೋಡವೊಂದರಲ್ಲಿ ಸುಮಾರು 500 ಟನ್ ನೀರು ಇರಬಹುದು. ಪ್ರತಿ ಘನ ಮೀಟರಿಗೆ ಅರ್ಧ ಗ್ರಾಂ ನೀರಿನಂತೆ ಹಾಕಿದ ಲೆಕ್ಕವಿದು. ಅಷ್ಟು ಭಾರ ಮೇಲೆಯೇ ನಿಲ್ಲುವುದಕ್ಕೆ ಕಾರಣ, ಆ ನೀರೆಲ್ಲ ಒಂದು ಮಿಲಿಮೀಟರಿನ ನೂರನೆಯ ಒಂದೆರಡು ಭಾಗದಷ್ಟು ಸಣ್ಣ ಹನಿಗಳಾಗಿ ಹರಡಿಕೊಂಡಿರುವುದು. ಕೆಳಗಿನಿಂದ ಏರುವ ಗಾಳಿಯೇ ಅವುಗಳನ್ನು ಹೊತ್ತುಕೊಳ್ಳುತ್ತದೆ.

ಎರಡನೆಯದು ಬಣ್ಣ. ಗಾಳಿಯ ಅಣುಗಳು ಬಹಳ ಸಣ್ಣವು, ಅವು ನೀಲಿ ಬೆಳಕನ್ನು ಕೆಂಪಿಗಿಂತ ಹೆಚ್ಚು ಚದುರಿಸುತ್ತವೆ. ಆದ್ದರಿಂದ ಆಕಾಶ ನೀಲಿ. ಮೋಡದ ಹನಿಗಳು ಅಣುಗಳಿಗಿಂತ ಎಷ್ಟೋ ದೊಡ್ಡವು, ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ಸಮನಾಗಿ ಚದುರಿಸುತ್ತವೆ. ಆದ್ದರಿಂದ ಮೋಡ ಬಿಳಿ. ಅದೇ ಮೋಡ ದಪ್ಪವಾದಾಗ ಮೇಲಿನಿಂದ ಬಂದ ಬೆಳಕು ಕೆಳಗೆ ತಲುಪುವಷ್ಟರಲ್ಲಿ ಕಡಿಮೆಯಾಗಿರುತ್ತದೆ. ಕೆಳಗೆ ನಿಂತು ನೋಡುವ ನಮಗೆ ಅದರ ತಳ ಕಪ್ಪಾಗಿ ಕಾಣುತ್ತದೆ. ಕಾರ್ಮೋಡದಲ್ಲಿ ಕಪ್ಪು ಬಣ್ಣವೆಂಬುದಿಲ್ಲ, ಬೆಳಕಿನ ಕೊರತೆ ಮಾತ್ರ ಇದೆ. ಹೀಗೆ ಒಂದೇ ವಸ್ತು ಅಚ್ಚ ಬಿಳುಪಿನಿಂದ ಕಡುಗಪ್ಪಿನವರೆಗೆ ಎಲ್ಲ ಛಾಯೆಗಳನ್ನೂ ಕೊಡುತ್ತದೆ. ಛಾಯಾಗ್ರಾಹಕರಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಮೂರನೆಯದು, ಮೋಡ ಒಂದೇ ರೂಪದಲ್ಲಿ ನಿಲ್ಲುವುದಿಲ್ಲ. ಎರಡು ನಿಮಿಷದ ಹಿಂದಿನ ಆಕಾರ ಮತ್ತೆ ಸಿಗುವುದಿಲ್ಲ. ಒತ್ತುವ ಕ್ಷಣವನ್ನು ಆರಿಸುವುದೇ ಚಿತ್ರದ ಅರ್ಧ ಕೆಲಸವಾಗುತ್ತದೆ.

ಶಾಲೆಯ ಭೂಗೋಳದಲ್ಲಿ ಓದಿದ ಪದರು ಮೋಡ, ರಾಶಿ ಮೋಡ, ಹಿಮಕಣ ಮೋಡ ಎಂಬ ವಿಂಗಡಣೆ ನೆನಪಿರಬಹುದು. ಅದರ ಮೂಲ 1802ರಲ್ಲಿ ಲಂಡನ್ನಿನ ಲ್ಯೂಕ್ ಹವರ್ಡ್ ಎಂಬುವರು ಕೊಟ್ಟ ಲ್ಯಾಟಿನ್ ಹೆಸರುಗಳು. ವೃತ್ತಿಯಿಂದ ಅವರು ಔಷಧ ತಯಾರಕರು. ಇಂದಿಗೂ ಹವಾಮಾನ ಶಾಸ್ತ್ರ ಅವರ ಹೆಸರುಗಳನ್ನೇ ವಿಸ್ತರಿಸಿಕೊಂಡು ಮೋಡಗಳನ್ನು ಹತ್ತು ಮುಖ್ಯ ಬಗೆಗಳಾಗಿ ವಿಂಗಡಿಸುತ್ತದೆ. ಚಿತ್ರ ತೆಗೆಯುವುದಕ್ಕೆ ಈ ಹೆಸರುಗಳು ಕಡ್ಡಾಯವಲ್ಲ. ಆದರೆ ಯಾವ ಮೋಡ ಹೇಗೆ ಬದಲಾಗುತ್ತದೆ ಎಂದು ಮುಂಚೆಯೇ ಊಹಿಸಲು ಬಹಳ ನೆರವಾಗುತ್ತವೆ.

ನೂರು ವರ್ಷದ ಹಿಂದಿನ ಪ್ರಯೋಗ

ಛಾಯಾಗ್ರಹಣ ಹುಟ್ಟಿದ ಹೊಸದರಲ್ಲಿ ಮೋಡವನ್ನು ಹಿಡಿಯುವುದೇ ಕಷ್ಟವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಗಾಜಿನ ಫಲಕಗಳಿಗೆ ನೀಲಿ ಬೆಳಕು ಅತಿಯಾಗಿ ತಾಕುತ್ತಿತ್ತು. ನೆಲ ಸರಿಯಾಗಿ ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ ಆಕಾಶ ಖಾಲಿ ಬಿಳಿ ಹಾಳೆಯಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿ ತಮ್ಮ ಕೆಲವು ಕಡಲಿನ ಚಿತ್ರಗಳಿಗಾಗಿ ಆಕಾಶಕ್ಕೊಂದು, ನೀರಿಗೊಂದು ನೆಗೆಟಿವ್ ಬಳಸಿ, ಎರಡನ್ನೂ ಸೇರಿಸಿ ಮುದ್ರಿಸಿದರು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಲಕಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಈ ತೊಡಕು ಸಡಿಲವಾಯಿತು.

ವರ್ಣಚಿತ್ರಕಾರರಿಗೆ ಈ ತೊಂದರೆ ಇರಲಿಲ್ಲ. ಇಂಗ್ಲೆಂಡಿನ ಜಾನ್ ಕಾನ್‌ಸ್ಟೇಬಲ್ 1821 ಮತ್ತು 1822ರಲ್ಲಿ ಲಂಡನ್ ಹತ್ತಿರದ ಹ್ಯಾಂಪ್‌ಸ್ಟೆಡ್‌ನಲ್ಲಿ ಆಕಾಶವನ್ನೇ ಮತ್ತೆ ಮತ್ತೆ ಬಣ್ಣದಲ್ಲಿ ಬರೆದರು. ಹಲವು ಚಿತ್ರಗಳ ಹಿಂಬದಿಯಲ್ಲಿ ದಿನಾಂಕ, ಹೊತ್ತು, ಗಾಳಿಯ ದಿಕ್ಕನ್ನು ಗುರುತು ಹಾಕಿಟ್ಟರು.

ಮೋಡದ ಛಾಯಾಚಿತ್ರ ಸ್ವಂತ ಅಭಿವ್ಯಕ್ತಿಯಾಗಬಲ್ಲದು ಎಂದು ಪಟ್ಟುಹಿಡಿದು ತೋರಿಸಿದವರು ಅಮೆರಿಕದ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್. 1922ರಲ್ಲಿ, ಅವರಿಗೆ ಐವತ್ತೆಂಟು ವರ್ಷ ವಯಸ್ಸಾಗಿದ್ದಾಗ, ಅವರ ಕೆಲಸದ ಬಗ್ಗೆ ಒಂದು ಮಾತು ಬಂತು: ಇವರ ಭಾವಚಿತ್ರಗಳಿಗೆ ಅಷ್ಟು ಬಲ ಬರುವುದು ಎದುರಿಗೆ ಕೂತವರ ಮೇಲೆ ಇವರು ಬೀರುವ ವಶೀಕರಣದಂಥ ಪ್ರಭಾವದಿಂದ. ಈ ಮಾತು ಅವರನ್ನು ಕೆಣಕಿತು. ಯಾರ ವಶಕ್ಕೂ ಸಿಗದ, ಎಲ್ಲರಿಗೂ ಸಮನಾಗಿ ದೊರೆಯುವ ವಸ್ತುವನ್ನೇ ಹಿಡಿದು ತೋರಿಸುತ್ತೇನೆಂದು ಅವರು ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್ ಎಂಬಲ್ಲಿದ್ದ ತಮ್ಮ ಕುಟುಂಬದ ಮನೆಯ ಬಳಿ ಮೋಡಗಳತ್ತ ಕ್ಯಾಮೆರಾ ತಿರುಗಿಸಿದರು. ಮೋಡಗಳ ಮೇಲೆ ಇನ್ನೂ ತೆರಿಗೆ ಹಾಕಿಲ್ಲ, ಅವು ಎಲ್ಲರಿಗೂ ಬಿಟ್ಟಿ ಎಂಬ ಅರ್ಥದಲ್ಲಿ ಮುಂದಿನ ವರ್ಷ ಬರೆದರು ಕೂಡ.

ಮೊದಲ ಸಾಲು ಹತ್ತು ಚಿತ್ರಗಳದು. ಅದಕ್ಕೆ ಅವರಿಟ್ಟ ಹೆಸರಿನಲ್ಲೇ ಸಂಗೀತವಿತ್ತು. ಆ ಚಿತ್ರಗಳಲ್ಲಿ ಕೆಳಗೆ ಬೆಟ್ಟದ ಸಾಲು ಇನ್ನೂ ಕಾಣುತ್ತದೆ. ವರ್ಷ ಕಳೆದಂತೆ ಕೈಗೆ ಹಗುರವಾದ ಸಣ್ಣ ಕ್ಯಾಮೆರಾ ಬಂತು, ನೆಲ ಚೌಕಟ್ಟಿನಿಂದ ಜಾರಿಹೋಯಿತು. ಯಾವುದು ಮೇಲು, ಯಾವುದು ಕೆಳಗು ಎಂದು ಹೇಳುವುದೇ ಕಷ್ಟವಾಗುವ ಚಿತ್ರಗಳು ಬಂದವು. 1925ರಿಂದ ಅವರು ಇವುಗಳನ್ನು 'ಈಕ್ವಿವಲೆಂಟ್ಸ್' ಎಂದು ಕರೆದರು, ಅಂದರೆ ಸಮಾನವಾದವುಗಳು. ತಮ್ಮೊಳಗಿನ ಅನುಭವಕ್ಕೆ ಹೊರಗಿನ ಆಕಾಶದಲ್ಲಿ ಸಿಕ್ಕ ಸಮಾನ ರೂಪ ಎಂಬುದು ಅವರ ವಿಚಾರ. 1930ರ ದಶಕದ ಆರಂಭದವರೆಗೆ ನಡೆದ ಈ ಕೆಲಸದಲ್ಲಿ ಇನ್ನೂರಕ್ಕೂ ಹೆಚ್ಚು ಚಿತ್ರಗಳಿವೆ. ಹೆಚ್ಚಿನವು ಅಂಗೈಯಷ್ಟೇ ದೊಡ್ಡವು, ಸುಮಾರು ನಾಲ್ಕು ಇಂಚಿಗೆ ಐದು ಇಂಚು. ಆಕಾಶದಷ್ಟು ದೊಡ್ಡದನ್ನು ಇಷ್ಟು ಚಿಕ್ಕದಾಗಿ ಮುದ್ರಿಸಿದರೆ ನೋಡುವವರು ಹತ್ತಿರ ಬರಲೇಬೇಕು.

ಅವರ ನಂತರ ಅದೇ ದೇಶದ ಮೈನರ್ ವೈಟ್ ಈ ವಿಚಾರವನ್ನು ಮುಂದುವರಿಸಿ, ಮೋಡಕ್ಕಷ್ಟೇ ನಿಲ್ಲಿಸದೆ ಕಲ್ಲು, ಮಂಜುಗಡ್ಡೆ, ನೀರಿಗೂ ಒಗ್ಗಿಸಿದರು. ಛಾಯಾಚಿತ್ರದ ಅರ್ಥ ಅದನ್ನು ತೆಗೆದವರಲ್ಲಿ ಎಷ್ಟಿದೆಯೋ ನೋಡುವವರಲ್ಲಿಯೂ ಅಷ್ಟೇ ಇದೆ ಎಂಬುದಕ್ಕೆ ಅವರು ಒತ್ತು ಕೊಟ್ಟರು.

ಭಾವ ಎಲ್ಲಿಂದ ಬರುತ್ತದೆ?

ಮೋಡಕ್ಕೆ ದುಃಖವಿಲ್ಲ, ಸಂತೋಷವಿಲ್ಲ. ಹಾಗಿದ್ದರೆ ಚಿತ್ರದಲ್ಲಿ ಕಾಣುವ ಭಾವ ಯಾರದು? ಈ ಪ್ರಶ್ನೆಗೆ ಉತ್ತರ ತೆಗೆಯುವವರ ಆಯ್ಕೆಗಳಲ್ಲಿದೆ. ಒಂದು ಉದಾಹರಣೆ ತೆಗೆದುಕೊಳ್ಳೋಣ.

ಮೇ ತಿಂಗಳ ಒಂದು ಮಧ್ಯಾಹ್ನ. ಕೋಲಾರದಲ್ಲಿ ನಿಂತು ನೋಡಿದರೆ ಅಂತರಗಂಗೆ ಬೆಟ್ಟದ ಆಚೆ ಒಂದು ದೊಡ್ಡ ರಾಶಿ ಮೋಡ ಏಳುತ್ತಿದೆ. ತಲೆ ಬಿಸಿಲಿನಲ್ಲಿ ಕಣ್ಣು ಕೋರೈಸುವಷ್ಟು ಬಿಳುಪು, ಹೊಟ್ಟೆ ಬೂದು, ತಳ ಸಪಾಟಾಗಿ ಕಪ್ಪು. ಒಬ್ಬರು ಜೂಮ್ ಮಾಡಿ ಬಿಳಿ ತಲೆಯೊಂದನ್ನೇ, ಅದರ ಉಬ್ಬು ತಗ್ಗುಗಳನ್ನೇ ಚೌಕಟ್ಟಿಗೆ ತುಂಬುತ್ತಾರೆ. ಆ ಚಿತ್ರದಲ್ಲಿ ಒಳಗಿನಿಂದ ಉಕ್ಕುವ ಒತ್ತಡವಿದೆ. ಇನ್ನೊಬ್ಬರು ಬಿಳಿಯನ್ನು ಪೂರ್ತಿ ಬಿಟ್ಟು ಕಪ್ಪು ತಳವನ್ನು ಮಾತ್ರ, ಚೌಕಟ್ಟಿನ ಮೇಲ್ಭಾಗಕ್ಕೆ ಬರುವಂತೆ ಹಿಡಿಯುತ್ತಾರೆ. ಕೆಳಗೆ ತೆಳುವಾದ ಬೆಳಕಿನ ಪಟ್ಟಿ ಉಳಿಯುತ್ತದೆ, ಭಾರ ತಲೆಯ ಮೇಲೆ ಬಂದು ಕೂತಂತಾಗುತ್ತದೆ. ಮೂರನೆಯವರು ಮೋಡವನ್ನು ಒಂದು ಮೂಲೆಗೆ ಸರಿಸಿ ಉಳಿದ ಮುಕ್ಕಾಲು ಭಾಗವನ್ನು ಬರಿ ಆಕಾಶಕ್ಕೆ ಬಿಡುತ್ತಾರೆ. ಅಲ್ಲಿ ದೂರವಿದೆ, ಒಂಟಿತನವಿದೆ, ಅಥವಾ ನೆಮ್ಮದಿಯಿದೆ.

ಮೋಡ ಒಂದೇ, ನಿಮಿಷವೂ ಒಂದೇ. ಆಕಾಶ ತಾನಾಗಿ ಏನನ್ನೂ ಹೇಳಲಿಲ್ಲ. ಏನನ್ನು ಒಳಗೆ ಬಿಟ್ಟುಕೊಂಡರು, ಏನನ್ನು ಹೊರಗಿಟ್ಟರು, ಕಪ್ಪು ಎಷ್ಟು ಜಾಗ ಹಿಡಿಯಿತು, ಗೆರೆ ಮೇಲಕ್ಕೆ ಏರಿತೋ ಕೆಳಕ್ಕೆ ಇಳಿಯಿತೋ ಎಂಬ ನಿರ್ಧಾರಗಳು ಮೂವರನ್ನು ಬೇರೆ ಬೇರೆ ಮಾಡಿದವು. ವೈಯಕ್ತಿಕ ಅಭಿವ್ಯಕ್ತಿ ಎನ್ನುವುದು ಇದನ್ನೇ. ಮೋಡದ ಚಿತ್ರದಲ್ಲಿ ಇದು ವಿಶೇಷವಾಗಿ ಬಯಲಾಗುತ್ತದೆ. ಮುಖದ ಚಿತ್ರದಲ್ಲಿ ಆ ಮುಖದ ಚೆಲುವು ನೆರವಿಗೆ ಬರುತ್ತದೆ, ಹಂಪಿಯ ಚಿತ್ರದಲ್ಲಿ ಹಂಪಿಯ ಹೆಸರು ನೆರವಿಗೆ ಬರುತ್ತದೆ. ಇಲ್ಲಿ ಅಂಥ ಆಸರೆ ಯಾವುದೂ ಇಲ್ಲ.

ನೆಲವನ್ನು ಹೊರಗಿಡುವುದು ಇದಕ್ಕಾಗಿಯೇ. ಕೆಳಗೆ ಒಂದಿಷ್ಟು ಬೆಟ್ಟ ಸೇರಿಕೊಂಡರೂ ಕಣ್ಣು ಮೊದಲು ಅಲ್ಲಿಗೆ ಹೋಗಿ "ಇದು ಸ್ಕಂದಗಿರಿ" ಎಂದು ತೀರ್ಮಾನಿಸಿಬಿಡುತ್ತದೆ. ಉಳಿದದ್ದೆಲ್ಲ ಹಿನ್ನೆಲೆಯಾಗುತ್ತದೆ.

ಮಳೆ ಕಾಯುವ ಸೀಮೆಯಲ್ಲಿ

ಸ್ಟೀಗ್ಲಿಟ್ಸ್ ಅವರ ಈ ವಿಚಾರ ಹುಟ್ಟಿದ್ದು ಲೇಕ್ ಜಾರ್ಜ್ ಸರೋವರದ ದಡದ ಹಸಿರು ಊರಿನಲ್ಲಿ. ನಮ್ಮ ಕಡೆಗೆ ಬಂದಾಗ ಅದಕ್ಕೆ ಇನ್ನೊಂದು ಪದರ ಸೇರಿಕೊಳ್ಳುತ್ತದೆ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ವಾರ್ಷಿಕ ಮಳೆ 700 ಮಿಲಿಮೀಟರಿನ ಆಸುಪಾಸು. ಮುಂಗಾರಿನ ಗಾಳಿ ತನ್ನ ನೀರಿನ ದೊಡ್ಡ ಪಾಲನ್ನು ಪಶ್ಚಿಮ ಘಟ್ಟದಲ್ಲೇ ಸುರಿಸಿ ಬರುವುದರಿಂದ ಜೂನ್, ಜುಲೈ ತಿಂಗಳಿನಲ್ಲಿ ಮೋಡಗಳು ನಮ್ಮ ತಲೆಯ ಮೇಲೆ ಹಾದುಹೋಗುತ್ತವೆ, ಹನಿ ಉದುರಿಸುವುದು ಕಡಿಮೆ. ಇಂಥ ಸೀಮೆಯಲ್ಲಿ ಯಾರೂ ಆಕಾಶವನ್ನು ಸುಮ್ಮನೆ ನೋಡುವುದಿಲ್ಲ. ನೋಡಿದರೆ ಒಂದೇ ಪ್ರಶ್ನೆ: ಬರುತ್ತದೆಯೋ ಇಲ್ಲವೋ? ಅದೂ ತಿಂಗಳಿಗೊಂದು ಬಗೆ. ಭರಣಿಯಲ್ಲಿ ಎದ್ದ ಮೋಡ ಉಳುಮೆಗೆ ಕಾದವರಿಗೆ ಭರವಸೆ, ಶ್ರೀನಿವಾಸಪುರದ ಮಾವಿನ ತೋಟದವರಿಗೆ ಆಲಿಕಲ್ಲಿನ ಭಯ. ರಾಗಿ ಕೊಯ್ದು ಕಣಕ್ಕೆ ಹಾಕಿದ ದಿನ ಕವಿದ ಮೋಡ ಯಾರಿಗೂ ಬೇಡ. ಬಿಡದೆ ಮುಸುಕಿದರೆ ಟೊಮೆಟೊಗೆ ಅಂಗಮಾರಿ ರೋಗ.

ಆದ್ದರಿಂದ ನೆಲವನ್ನು ಎಷ್ಟೇ ಹೊರಗಿಟ್ಟರೂ ಈ ಮೂರು ಜಿಲ್ಲೆಗಳ ನೋಡುಗರು ಚಿತ್ರದ ಕೆಳಗೆ ತಮ್ಮ ಹೊಲವನ್ನು ತಾವೇ ಸೇರಿಸಿಕೊಳ್ಳುತ್ತಾರೆ. ಬೇರೆ ಕಡೆ ದುಗುಡವೆಂದು ಓದಬಹುದಾದ ಕಪ್ಪು ಪಟ್ಟಿಯನ್ನು ಇಲ್ಲಿ ಒಬ್ಬ ರೈತ ಸಮಾಧಾನವೆಂದು ಓದುತ್ತಾನೆ. ಅಚ್ಚ ನೀಲಿಯ ಚೆಂದದ ಆಕಾಶ ಬರದ ವರ್ಷದಲ್ಲಿ ನೋಡಲಾಗದ ಚಿತ್ರವಾಗುತ್ತದೆ. ಕಪ್ಪೆಂದರೆ ದುಃಖ, ಬಿಳುಪೆಂದರೆ ನೆಮ್ಮದಿ ಎಂಬ ಸಿದ್ಧ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇದನ್ನು ಅಡ್ಡಿಯೆಂದು ತಿಳಿಯಬೇಕಿಲ್ಲ. ಮಳೆಯ ಪ್ರಶ್ನೆಯನ್ನು ಒಂದು ಗಳಿಗೆ ಬದಿಗಿಟ್ಟು ಮೋಡವನ್ನು ನೋಡುವುದು, ಅಥವಾ ಆ ಪ್ರಶ್ನೆಯನ್ನೇ ಚಿತ್ರದೊಳಗೆ ತರುವುದು, ಎರಡೂ ಇಲ್ಲಿ ಹುಟ್ಟಿ ಬೆಳೆದವರಿಗೆ ಮಾತ್ರ ಸಾಧ್ಯವಾಗುವ ಕೆಲಸ. ಹೊರಗಿನಿಂದ ಬಂದವರು ಇದೇ ಆಕಾಶವನ್ನು ಹೀಗೆ ನೋಡಲಾರರು.

ಯಾವ ತಿಂಗಳಲ್ಲಿ ಎಂಥ ಆಕಾಶ?

ನವೆಂಬರಿನಿಂದ ಫೆಬ್ರವರಿಯವರೆಗೆ ರಾತ್ರಿ ಆಕಾಶ ತಿಳಿಯಾಗಿ, ಗಾಳಿ ನಿಂತಿದ್ದರೆ ನೆಲ ಬೇಗ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರವಾದದ್ದು, ಅದು ತಗ್ಗಿಗೆ ಇಳಿದು ಅಲ್ಲಿನ ತೇವ ಮಂಜಾಗುತ್ತದೆ. 1,478 ಮೀಟರ್ ಎತ್ತರದ ನಂದಿಬೆಟ್ಟದಿಂದ ಬೆಳಿಗ್ಗೆ ಕೆಳಗೆ ಕಾಣುವ ಬಿಳಿಯ ಹರಹು ಹಲವು ಸಲ ಇದೇ. ಸೂರ್ಯ ಏರಿದಂತೆ ಅಂಚುಗಳಿಂದ ಕರಗುತ್ತದೆ. ಆ ಕರಗುವ ಹೊತ್ತಿನಲ್ಲಿ ಕೆಳಮುಖವಾಗಿ ಹಿಡಿದ ಚಿತ್ರಗಳು ಬಹಳ ಮೃದುವಾಗಿ ಬರುತ್ತವೆ. ಮುಂಗಾರಿನಲ್ಲಿ ಬೆಟ್ಟದ ಮೇಲೆ ಸಿಗುವುದು ಬೇರೆ. ಆಗ ತಗ್ಗಿನ ಮೋಡವೇ ಬೆಟ್ಟವನ್ನು ಹೊದ್ದಿರುತ್ತದೆ, ನಾವು ಅದರೊಳಗೇ ನಿಂತಿರುತ್ತೇವೆ. ಒಳಗೆ ನಿಂತವರಿಗೆ ಆಕಾರ ಕಾಣುವುದಿಲ್ಲ.

ಮಾರ್ಚಿನಿಂದ ಮೇವರೆಗಿನ ಮಧ್ಯಾಹ್ನಗಳು ರಾಶಿ ಮೋಡದ ಕಾಲ. ಕಾದ ನೆಲದಿಂದ ಏರುವ ಗಾಳಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ತಣ್ಣಗಾಗುತ್ತಾ ಹೋಗಿ, ಒಂದು ಎತ್ತರದಲ್ಲಿ ಅದರೊಳಗಿನ ಆವಿ ಹನಿಗಟ್ಟುತ್ತದೆ. ಸುತ್ತಲಿನ ಎಲ್ಲ ಮೋಡಗಳಿಗೂ ಆ ಎತ್ತರ ಹೆಚ್ಚುಕಡಿಮೆ ಒಂದೇ. ಅದಕ್ಕೇ ಅವುಗಳ ತಳ ಸಪಾಟು. ಮೇಲೆ ತಡೆಯಿಲ್ಲದಿದ್ದರೆ ಮೋಡ ಹತ್ತು ಕಿಲೋಮೀಟರಿಗೂ ಮೀರಿ ಬೆಳೆದು, ತಲೆ ಚಪ್ಪಟೆಯಾಗಿ ಪಕ್ಕಕ್ಕೆ ಹರಡಿ, ಗುಡುಗಿನ ಮೋಡವಾಗುತ್ತದೆ. ಗಟ್ಟಿ ಅಂಚು, ಆಳವಾದ ನೆರಳು ಬೇಕೆನ್ನುವವರಿಗೆ ಇದು ಹೇಳಿಮಾಡಿಸಿದ ಕಾಲ.

ಆಷಾಢದ ಗಾಳಿಯಲ್ಲಿ ಪಶ್ಚಿಮದಿಂದ ಹರಿದುಬರುವ ಹರಕು ಮೋಡಗಳು ಒಂದು ಚಿತ್ರಕ್ಕೆ ದಕ್ಕುವುದು ಕಡಿಮೆ. ಓಟವೇ ಅವುಗಳ ಗುಣ. ಮಧುಗಿರಿಯ ಏಕಶಿಲಾ ಬೆಟ್ಟದ ಮೇಲೆ ಅವುಗಳ ನೆರಳು ಸರಿಯುವುದನ್ನು ನೋಡಿದರೆ ವೇಗ ಅರ್ಥವಾಗುತ್ತದೆ. ಸೆಪ್ಟೆಂಬರಿನಿಂದ ನವೆಂಬರಿನವರೆಗಿನ ಸಂಜೆಗಳೇ ನನ್ನ ಮಟ್ಟಿಗೆ ವರ್ಷದ ಉತ್ತಮ ಭಾಗ: ಕೆಳಗೆ ರಾಶಿ, ನಡುವೆ ಪದರು, ಮೇಲೆ ಹಿಮಕಣದ ಎಳೆಗಳು, ಮೂರು ಮಟ್ಟಗಳಿಗೂ ಬೇರೆ ಬೇರೆ ಹೊತ್ತಿಗೆ ಬೆಳಕು ಬೀಳುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದರೆ ಮಾತ್ರ ದಿನಗಟ್ಟಲೆ ಒಂದೇ ಬೂದು. ಆ ಬೂದಿನಲ್ಲೂ ಚಿತ್ರಗಳಿವೆ, ಹುಡುಕಲು ತಾಳ್ಮೆ ಬೇಕು.

ಮೊಬೈಲಿನಲ್ಲಿ ತೆಗೆಯುವುದು ಹೇಗೆ?

ದುಬಾರಿ ಕ್ಯಾಮೆರಾ ಬೇಕಿಲ್ಲ. ಒಂದು ಸಂಗತಿಯನ್ನು ಮಾತ್ರ ಅರಿತಿರಬೇಕು. ಕ್ಯಾಮೆರಾ ತನ್ನ ಮುಂದಿರುವುದೆಲ್ಲ ಒಟ್ಟಿನಲ್ಲಿ ನಡುಮಟ್ಟದ ಬೂದು ಎಂದುಕೊಂಡು ಬೆಳಕನ್ನು ಅಳೆಯುತ್ತದೆ. ಚೌಕಟ್ಟಿನ ತುಂಬ ಬಿಳಿಮೋಡವಿದ್ದರೆ ಅದನ್ನು ಮಂಕಾಗಿಸುತ್ತದೆ, ತುಂಬ ಕಾರ್ಮೋಡವಿದ್ದರೆ ಅದನ್ನು ತೆಳುವಾಗಿಸುತ್ತದೆ. ಎರಡರಲ್ಲೂ ನಿಮಗೆ ಕಂಡದ್ದು ಚಿತ್ರದಲ್ಲಿ ಇರುವುದಿಲ್ಲ. ಹೆಚ್ಚಿನ ಮೊಬೈಲುಗಳಲ್ಲಿ ಪರದೆಯನ್ನು ಮುಟ್ಟಿದಾಗ ಸೂರ್ಯನ ಗುರುತು ಬರುತ್ತದೆ. ಅದನ್ನು ಮೇಲಕ್ಕೆ ಎಳೆದರೆ ಬೆಳಕು ಹೆಚ್ಚು, ಕೆಳಕ್ಕೆ ಎಳೆದರೆ ಕಡಿಮೆ. ಬಿಳಿಮೋಡಕ್ಕೆ ತುಸು ಮೇಲೆ, ಕಾರ್ಮೋಡಕ್ಕೆ ತುಸು ಕೆಳಗೆ. ಆದರೆ ಬಿಸಿಲು ಬಿದ್ದ ಅಂಚು ಪೂರ್ತಿ ಬಿಳಿಯಾಗಿ ಸುಟ್ಟುಹೋಗದಂತೆ ಕಾಯಬೇಕು. ಹಾಗೆ ಕಳೆದುಹೋದ ವಿವರವನ್ನು ಆಮೇಲೆ ಯಾವ ತಿದ್ದುಪಡಿಯೂ ಮರಳಿ ತರುವುದಿಲ್ಲ. ಅನುಮಾನವಿದ್ದಾಗ ತುಸು ಕಪ್ಪಾಗಿಯೇ ತೆಗೆಯುವುದು ಲೇಸು.

ಒಂದೇ ಸಮನಾದ ಮೋಡದಲ್ಲಿ ಫೋಕಸ್ ಅಲೆದಾಡುತ್ತದೆ. ಎಲ್ಲಿ ಬೆಳಕು ಮತ್ತು ನೆರಳು ಕೂಡುತ್ತವೆಯೋ ಆ ಅಂಚನ್ನು ಮುಟ್ಟಿದರೆ ನಿಲ್ಲುತ್ತದೆ. ಅಗಲದ ಲೆನ್ಸಿಗಿಂತ ಎರಡು ಮೂರು ಪಟ್ಟು ಹತ್ತಿರ ತರುವ ಲೆನ್ಸ್ ಇಂಥ ಚಿತ್ರಕ್ಕೆ ಹೆಚ್ಚು ಹೊಂದುತ್ತದೆ, ಏಕೆಂದರೆ ಅದು ಬಿಡಬೇಕಾದದ್ದನ್ನು ಸುಲಭವಾಗಿ ಹೊರಗಿಡುತ್ತದೆ.

ಪೋಲರೈಸರ್ ಎಂಬ ಫಿಲ್ಟರ್ ಇದ್ದರೆ ನೀಲಿ ಆಕಾಶವನ್ನು ಕಡುವಾಗಿಸಿ ಮೋಡವನ್ನು ಎತ್ತಿ ತೋರಿಸಬಹುದು. ಅದರ ಪ್ರಭಾವ ಹೆಚ್ಚು ಕಾಣುವುದು ಸೂರ್ಯನಿಂದ 90 ಡಿಗ್ರಿ ಪಕ್ಕಕ್ಕೆ. ಬೆಳಿಗ್ಗೆ, ಸಂಜೆಯ ಹೊತ್ತಿನಲ್ಲಿ ಉತ್ತರ, ದಕ್ಷಿಣ ಮತ್ತು ನೆತ್ತಿಯ ಭಾಗಗಳಲ್ಲಿ.

ಕೆರೆಯಲ್ಲಿ ನೀರಿದ್ದರೆ ಮೋಡವನ್ನು ಅಲ್ಲಿಯೂ ಹಿಡಿಯಬಹುದು. ಗಾಳಿಯಿಲ್ಲದ ಬೆಳಿಗ್ಗೆ ನೀರಿನ ಮೇಲಿನ ಪ್ರತಿಬಿಂಬವನ್ನಷ್ಟೇ ಚೌಕಟ್ಟಿಗೆ ತಂದು, ದಡವನ್ನೂ ಜೊಂಡನ್ನೂ ಬಿಟ್ಟರೆ, ಸಣ್ಣ ಅಲೆಯೊಂದು ಮೋಡದ ಗೆರೆಯನ್ನು ಮುರಿದು ತನ್ನದನ್ನು ಸೇರಿಸುತ್ತದೆ.

ತಿದ್ದುವುದು ಎಷ್ಟು?

ಬಣ್ಣ ತೆಗೆದು ಕಪ್ಪುಬಿಳುಪಾಗಿಸುವುದು ಈ ಪ್ರಕಾರದಲ್ಲಿ ಮೊದಲಿನಿಂದಲೂ ಇರುವ ಪದ್ಧತಿ. ನೀಲಿ ಬಣ್ಣ ನೋಡಿದೊಡನೆ "ಆಕಾಶ" ಎಂದು ಹೇಳಿಬಿಡುತ್ತದೆ, ಅದನ್ನು ತೆಗೆದರೆ ಆಕಾರಕ್ಕೆ ಬಿಡುಗಡೆ. ಕಪ್ಪುಬಿಳುಪಿಗೆ ತಿರುಗಿಸುವಾಗ ನೀಲಿಯ ಪ್ರಮಾಣವನ್ನು ಇಳಿಸಿದರೆ ಆಕಾಶ ಕಡುಗಪ್ಪಾಗಿ ಮೋಡ ಎದ್ದುಬರುತ್ತದೆ. ಫಿಲ್ಮಿನ ಕಾಲದಲ್ಲಿ ಇದೇ ಕೆಲಸಕ್ಕೆ ಲೆನ್ಸಿನ ಮುಂದೆ ಕೆಂಪು ಗಾಜನ್ನು ಇಡುತ್ತಿದ್ದರು. ಕತ್ತರಿಸುವುದು, ತಿರುಗಿಸುವುದು, ತಲೆಕೆಳಗು ಮಾಡುವುದು, ಇವೂ ಸಲ್ಲುತ್ತವೆ. ನೆಲವೇ ಇಲ್ಲದ ಚಿತ್ರಕ್ಕೆ ಮೇಲು ಕೆಳಗು ಯಾವುದೆಂದು ತೀರ್ಮಾನಿಸುವುದೂ ತೆಗೆದವರ ಆಯ್ಕೆಯೇ.

ಈಗಿನ ಮೊಬೈಲುಗಳು ಕೇಳದೆಯೇ ಮಾಡುವ ತಿದ್ದುಪಡಿ ಬೇರೆ ಮಾತು. ನೆರಳನ್ನು ಎತ್ತಿ, ಬೆಳಕನ್ನು ತಗ್ಗಿಸಿ, ಎಲ್ಲವನ್ನೂ ಸಮ ಮಾಡುವುದು ಅವುಗಳ ಸ್ವಭಾವ. ಮೋಡದ ಚಿತ್ರ ನಿಂತಿರುವುದೇ ಆ ಅಸಮತೆಯ ಮೇಲೆ. ಆದ್ದರಿಂದ ಹೀಗೆ ಸಮ ಮಾಡುವ ಎಚ್‌ಡಿಆರ್ ಎಂಬ ಆಯ್ಕೆಯನ್ನು ಆಫ್ ಮಾಡಿ ನೋಡಿ, ಮೊಬೈಲು ತಿದ್ದದ ಮೂಲ ರೂಪದಲ್ಲಿ, ಅಂದರೆ ರಾ ರೂಪದಲ್ಲಿ, ಉಳಿಸುವ ಸೌಲಭ್ಯವಿದ್ದರೆ ಬಳಸಿ. ಬೇರೆಲ್ಲೋ ತೆಗೆದ ಆಕಾಶವನ್ನು ತಂದು ಅಂಟಿಸುವ ಆ್ಯಪ್‌ಗಳೂ ಇವೆ. ಅವುಗಳಿಂದ ಬಂದದ್ದು ಚೆಂದವಿರಬಹುದು. ಆದರೆ ಆ ಹೊತ್ತಿನಲ್ಲಿ ಅಲ್ಲಿ ನಿಂತು ಆರಿಸಿದ ನಿರ್ಧಾರ ಅದರಲ್ಲಿ ಇಲ್ಲ, ಹಾಗಾಗಿ ಈ ಲೇಖನ ಹೇಳುತ್ತಿರುವ ಅರ್ಥದಲ್ಲಿ ಅದು ಅಭಿವ್ಯಕ್ತಿಯೂ ಅಲ್ಲ.

ಸಿಡಿಲಿನ ಎಚ್ಚರ

ಏಪ್ರಿಲ್, ಮೇ ತಿಂಗಳ ಗುಡುಗಿನ ಮೋಡ ಎಷ್ಟು ಆಕರ್ಷಕವೋ ಅಷ್ಟೇ ಅಪಾಯಕಾರಿ. ಬೋಳು ಬಂಡೆಯ ನೆತ್ತಿ, ಒಂಟಿ ಮರ, ಕೆರೆಯ ಏರಿ, ಇವು ಆಗ ನಿಲ್ಲುವ ಜಾಗಗಳಲ್ಲ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರಿನೊಳಗಿದೆ ಎಂದರ್ಥ. ಕೂಡಲೇ ಕಟ್ಟಡದೊಳಗೆ ಅಥವಾ ಮುಚ್ಚಿದ ವಾಹನದೊಳಗೆ ಸೇರಬೇಕು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಅಲ್ಲಿಯೇ ಇರಬೇಕು. ಕಣ್ಣಿಟ್ಟು ನೋಡುವ ಗಾಜಿನ ಕಿಂಡಿಯಿರುವ ಕ್ಯಾಮೆರಾ ಬಳಸುವವರು ಅದರ ಮೂಲಕ ಸೂರ್ಯನನ್ನು ನೇರವಾಗಿ ನೋಡಬಾರದು, ಕಣ್ಣಿಗೆ ಶಾಶ್ವತ ಹಾನಿಯಾಗುತ್ತದೆ.

ಒಂದು ಚಿತ್ರವೋ, ಒಂದು ಸಾಲೋ?

ಒಂಟಿ ಅಮೂರ್ತ ಚಿತ್ರ ನೋಡುವವರನ್ನು ಗಲಿಬಿಲಿಗೊಳಿಸಬಹುದು. ಆರು, ಎಂಟು ಚಿತ್ರಗಳನ್ನು ಒಂದು ಕ್ರಮದಲ್ಲಿ ಇಟ್ಟಾಗ ಒಂದು ಇನ್ನೊಂದನ್ನು ವಿವರಿಸುತ್ತದೆ: ದಟ್ಟವಾದದ್ದರ ಪಕ್ಕದಲ್ಲಿ ತೆಳುವಾದದ್ದು, ಓಡುವುದರ ಪಕ್ಕದಲ್ಲಿ ನಿಂತದ್ದು. ಒಂದೇ ದಿನದ ಚಿತ್ರಗಳೇ ಆಗಬೇಕೆಂದಿಲ್ಲ. ತೆಗೆದದ್ದರಲ್ಲಿ ಹತ್ತರಲ್ಲಿ ಒಂಬತ್ತನ್ನು ಬಿಡುವ ಧೈರ್ಯ ಮಾತ್ರ ಇರಬೇಕು. ಚೆಂದ ಕಂಡದ್ದನ್ನು ಉಳಿಸುವುದಕ್ಕಿಂತ, ಆ ದಿನ ನಿಮಗೆ ಅನ್ನಿಸಿದ್ದಕ್ಕೆ ಹತ್ತಿರವಾದದ್ದನ್ನು ಉಳಿಸಬೇಕು.

ಮೊಬೈಲಿನ ಪರದೆಯಲ್ಲಿ ಎಲ್ಲ ಚಿತ್ರಗಳೂ ಬೆರಳಿನ ಒಂದೇ ಸರಿತಕ್ಕೆ ಸಿಕ್ಕಿ ಹೋಗುತ್ತವೆ. ಊರಿನ ಯಾವುದೇ ಫೋಟೋ ಸ್ಟುಡಿಯೋದಲ್ಲಿ ಅವುಗಳನ್ನು ಸಣ್ಣ ಅಳತೆಯಲ್ಲಿ, ಹೊಳಪಿಲ್ಲದ ಕಾಗದದ ಮೇಲೆ ಮುದ್ರಿಸಿಕೊಂಡು ಮೇಜಿನ ಮೇಲೆ ಹರಡಿ ನೋಡಿ. ಯಾವುದು ಯಾವುದರ ಪಕ್ಕದಲ್ಲಿ ಕೂರುತ್ತದೆ ಎಂಬುದು ಅಲ್ಲಿ ತಿಳಿಯುತ್ತದೆ. ಹೆಸರಿಡುವಾಗ 'ವಿರಹ', 'ಶಾಂತಿ' ಎಂದು ಭಾವವನ್ನು ಮೊದಲೇ ಹೇಳಿಬಿಟ್ಟರೆ ನೋಡುವವರಿಗೆ ಮಾಡಲು ಏನೂ ಉಳಿಯುವುದಿಲ್ಲ. ಕಾನ್‌ಸ್ಟೇಬಲ್ ಮಾಡಿದಂತೆ ಹಿಂಬದಿಯಲ್ಲಿ ದಿನಾಂಕ, ಹೊತ್ತು, ಗಾಳಿಯ ದಿಕ್ಕು ಬರೆದರೆ ಸಾಕು. ನಮ್ಮ ಕಡೆ ಅದರ ಜೊತೆಗೆ ಯಾವ ಮಳೆ ನಕ್ಷತ್ರ ನಡೆಯುತ್ತಿತ್ತು, ಅಂದು ಮಳೆ ಬಂತೇ ಎಂಬುದನ್ನೂ ಬರೆದಿಡಬಹುದು.